ಎಚ್ ಅಕ್ಷರದ ಕಾಯಿಲೆ

ಬಸ್ಸಿಳಿದು ಎಡಕ್ಕೆ ತಿರುಗಿದರೆ ಮೇಷ್ಟ್ರ ಮನೆ ಐದು ನಿಮಿಷದ ದಾರಿ. ಅವನು ಬಲಕ್ಕೆ ತಿರುಗಿದ. ಪೋಸ್ಟಾಫೀಸಿನ ಗೋಡೆ ಹಿಡಿದು, ಹಳೆಯ ಟೈರು ಪೇರಿಸಿಟ್ಟ ಗ್ಯಾರೇಜಿನ ಹಿಂದಿನಿಂದ ಚರಂಡಿ ದಾಟಿ ಇಪ್ಪತ್ತು ನಿಮಿಷ ಸುತ್ತಿ ಹೋಗುವುದೆಂದು ಬಸ್ಸಿನಲ್ಲಿ ಕೂತಾಗಲೇ ತೀರ್ಮಾನಿಸಿದ್ದ. ಎಡಗಡೆಯ ಬೀದಿಯಲ್ಲಿ ತಂತಿವಾದ್ಯಗಳ ಅಂಗಡಿಯೊಂದಿದೆ. ಅದರ ಹಲಗೆಯ ಮೇಲೆ ಕೆಂಪು ಇಂಗ್ಲಿಷ್ ಅಕ್ಷರಗಳಲ್ಲಿ ‘ಇಲ್ಲಿ ಹಳೆಯ ಗಿಲ್ಟಿ ರಿಪೇರಿ ಮಾಡಲಾಗುವುದು’ ಎಂದು ಬರೆದಿದೆ. ಅಂಗಡಿಯವನು ಬರೆಸಬೇಕೆಂದುಕೊಂಡದ್ದು ಗಿಟಾರ್ ಎಂದು. ಪಾಪ, ಪದಕೋಶ ತೆರೆದು ನೋಡಿದ್ದಾನೆ. ತಂತಿವಾದ್ಯ ಎನ್ನುವ ಅರ್ಥದ ಎದುರಿಗೆ ಗಿಲ್ಟಿ ಎಂದಿತ್ತು, ನಂಬಿ ಬರೆಸಿದ್ದಾನೆ. ಗಿಲ್ಟಿ ಎಂದರೆ ತಪ್ಪಿತಸ್ಥ ಎಂದು ಆ ಬೀದಿಯಲ್ಲಿ ಯಾರಿಗೂ ತೋಚಿದಂತಿರಲಿಲ್ಲ. ಒಮ್ಮೆ ಅವನು ಕಾಲು ಎಳೆದ ಕಡೆ ಹೋದವನಂತೆ ಆ ಅಂಗಡಿಯ ಒಳಕ್ಕೇ ಹೋಗಿದ್ದ. “ಎಲ್ಲಿ, ತೋರಿಸಿ” ಎಂದು ಅಂಗಡಿಯವನು ಕೈ ಚಾಚಿದಾಗ ತನ್ನ ಬರಿಗೈ ನೋಡಿಕೊಂಡು, “ಇನ್ನೊಂದು ಸಲ ತರ್ತೀನಿ” ಎಂದು ತೊದಲಿ ಹೊರಬಂದಿದ್ದ. “ಬೇಗ ತನ್ನಿ ಸಾರ್, ಹಳೇದಾದಷ್ಟೂ ಬಿಗಿ ಮಾಡೋದು ಕಷ್ಟ” ಎಂದು ಅಂಗಡಿಯವನು ಹಿಂದಿನಿಂದ ಕೂಗಿದ್ದು ಬೀದಿ ಮುಗಿಯುವವರೆಗೂ ಕೇಳಿಸುತ್ತಲೇ ಇತ್ತು.

ಪ್ರೆಸ್ಸಿನಲ್ಲಿ ಕರಡು ತಿದ್ದುವುದು ಅವನ ಕೆಲಸ. ಇಪ್ಪತ್ತಾರು ವರ್ಷದಿಂದ ಅದೇ ಮೇಜು, ಅದೇ ಕೆಂಪು ಪೆನ್ನು. ಮಾತಿನ ನಡುವೆ ಎಲ್ಲೆಂದರಲ್ಲಿ ಒಂದು ಕ್ಷಣ ನಿಂತುಬಿಡುವ ಅಭ್ಯಾಸವಿದ್ದುದರಿಂದ ಬೈಂಡಿಂಗಿನವರು ಅವನಿಗೆ ಅಲ್ಪವಿರಾಮ ಎಂದು ಹೆಸರಿಟ್ಟಿದ್ದರು. ಹೆಂಡತಿಯ ತವರಿನವರೂ ಈಗ ಹಾಗೆಯೇ ಕರೆಯುತ್ತಿದ್ದರು. ಜೇಬಿನಲ್ಲಿ ಮೇಷ್ಟ್ರ ಮಗಳು ಬರೆದ ಕಾಗದವಿತ್ತು. ಮಡಿಚಿ ಬಿಚ್ಚಿ ಮಡಿಚಿ ಅದರ ಮಡಿಕೆ ಹರಿಯುವಂತಾಗಿತ್ತು. ‘ಅಪ್ಪನಿಗೆ ಸ್ಟ್ರೋಕ್ ಆಗಿ ಎರಡು ತಿಂಗಳಾಯಿತು. ಮಾತು ವಾಪಸ್ ಬಂದಿದೆ. ಪದ ಕಲಿಸುವುದಕ್ಕೆ ಡಾಕ್ಟರಮ್ಮ ಮನೆಗೆ ಬರುತ್ತಾರೆ. ಆದರೆ ಅಪ್ಪ ತಮ್ಮ ಪದಕೋಶವೇ ತಪ್ಪು ಎಂದು ಹಟ ಹಿಡಿದಿದ್ದಾರೆ. ಅದನ್ನು ಅಚ್ಚಿಗೆ ಮೊದಲು ಓದಿದವರು ನೀವು. ನಿಮ್ಮ ಕಣ್ಣಿನ ಮೇಲೆ ಅವರಿಗೆ ನಂಬಿಕೆ. ಒಂದು ಸಲ ಬಂದು ಪುಸ್ತಕ ಸರಿಯಾಗಿದೆ ಎಂದು ಅವರ ಮುಖಕ್ಕೇ ಹೇಳಿ ಹೋಗಿ.’ ನಿಮ್ಮ ಕಣ್ಣು ಎಂಬಲ್ಲಿ ಬಂದಾಗಲೆಲ್ಲ ಅವನು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದ.

ಪದಕೋಶದ ಪುಟಕ್ಕೆ ಮೇಲಿಂದ ಕೆಳಗೆ ಮೂರು ಸಾಲು. ಮೊದಲನೆಯದರಲ್ಲಿ ಇಂಗ್ಲಿಷ್ ಪದ, ನಡುವೆ ಉರ್ದು ಅರ್ಥ, ಮೂರನೆಯದರಲ್ಲಿ ಸುಲಭ ಇಂಗ್ಲಿಷಿನಲ್ಲಿ ವಿವರಣೆ. ಮೇಷ್ಟ್ರು ಹತ್ತೊಂಬತ್ತು ವರ್ಷ ಕೂತು ಬರೆದದ್ದು. ನಾಲ್ಕು ವರ್ಷದ ಹಿಂದೆ ಅಚ್ಚಿನ ಕೆಲಸ ನಡೆಯುತ್ತಿದ್ದಾಗ ದಿನಾ ಪ್ರೆಸ್ಸಿಗೆ ಬಂದು ಕೂರುತ್ತಿದ್ದರು, ಮೂಗಿನ ತುದಿಯಲ್ಲಿ ಕನ್ನಡಕ, ಕೈಯಲ್ಲಿ ಮಡಿಚಿದ ಛತ್ರಿ, ಯಾರು ಏನು ಮಾತಾಡಿದರೂ ಛತ್ರಿಯ ತುದಿಯಿಂದ ನೆಲ ಕುಟ್ಟಿ ತಿದ್ದುವ ಚಾಳಿ. ಒಂದು ಮಧ್ಯಾಹ್ನ ಪ್ರೆಸ್ಸಿನ ಯಜಮಾನರೆದುರು ಅವನು ಸಹಜವಾಗಿ ‘ಹಾನರ್’ ಎಂದ. ಛತ್ರಿ ಕುಟ್ಟಿತು. “ಏನಯ್ಯಾ ಅದು? ಆ ಹಕಾರ ಎಲ್ಲಿಂದ ತಂದೆ, ಮನೆಯಿಂದ ತಂದ್ಯಾ? ವಾಪಸ್ ತಗೊಂಡ್ಹೋಗು. ಆನರ್. ಹೇಳು.” ಅವನು ಹೇಳಿದ. “ಇನ್ನೊಂದ್ಸಲ.” ಹೇಳಿದ. ಹತ್ತು ಸಲ ಹೇಳಿಸಿದರು. ಮಿಷನ್ನು ನಿಂತಿತ್ತು, ಅಂಟು ಬಳಿಯುವ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು, ಯಜಮಾನರು ನಗಬಾರದೆಂದು ಕ್ಯಾಲೆಂಡರು ನೋಡುತ್ತಿದ್ದರು. ನಲವತ್ತೆಂಟು ವರ್ಷದ ಗಂಡಸು ಮೂರನೇ ತರಗತಿಯ ಮಗುವಿನಂತೆ ನಿಂತು ಆನರ್ ಆನರ್ ಎನ್ನುತ್ತಿದ್ದ. ಹತ್ತನೆಯ ಸಲಕ್ಕೆ ಆ ಪದಕ್ಕೆ ಅರ್ಥವೇ ಉಳಿದಿರಲಿಲ್ಲ, ಕಾಗೆಯ ಕೂಗಿನ ಹಾಗೆ ಕೇಳುತ್ತಿತ್ತು. ಮರುದಿನ ಮೇಜಿನ ಮೇಲೆ ಹೊಸ ಕರಡು ಬಂದು ಕೂತಿತ್ತು, ಜಿ ಅಕ್ಷರದ ಕೊನೆ ಮತ್ತು ಎಚ್ ಅಕ್ಷರ ಪೂರ್ತಿ. ಉರ್ದು ಸಾಲನ್ನು ಕೈಯಲ್ಲಿ ಬರೆದುಕೊಡುತ್ತಿದ್ದವರು ಒಬ್ಬ ಮುದಿ ಬರಹಗಾರರು, ಕಾತಿಬರು. ಒಂದೆಡೆ ಅವರ ಕಣ್ಣು ತಪ್ಪಿತ್ತು. ಗೆಸ್ ಎನ್ನುವ ಪದದ ಅರ್ಥ ಬಿಟ್ಟುಹೋಗಿ, ಅಲ್ಲಿಂದ ಮುಂದಕ್ಕೆ ಇಡೀ ಉರ್ದು ಸಾಲು ಒಂದೊಂದು ಮೆಟ್ಟಿಲು ಮೇಲೇರಿ ಕೂತಿತ್ತು. ಗೆಸ್ಟ್ ಎಂದರೆ ದಾರಿ ತೋರಿಸುವವನು. ಗೈಡ್ ಎಂದರೆ ಅಪರಾಧ. ಗಿಲ್ಟಿ ಎಂದರೆ ತಂತಿವಾದ್ಯ. ಹೆಲ್ಪ್ ಎಂದರೆ ಕೋಳಿ. ಹೋಮ್ ಎಂದರೆ ಪ್ರಾಮಾಣಿಕ, ಹಾನೆಸ್ಟ್ ಎಂದರೆ ಜೇನುತುಪ್ಪ, ಹ್ಯುಮಿಲಿಯೇಟ್ ಎಂದರೆ ತಮಾಷೆ. ಹಸ್ಬೆಂಡ್ ಎಂದರೆ ಗುಡಿಸಲು. ಅವನಿಗೆ ನಗು ಬಂತು. ನಿನ್ನೆಯಿಂದ ಮೊದಲ ಸಲ ಎದೆಯ ಒಳಗಿನ ಬಿಗಿ ಸಡಿಲವಾಯಿತು. ಕೆಂಪು ಪೆನ್ನಿನ ಮುಚ್ಚಳ ತೆಗೆದ. ಮತ್ತೆ ಹಾಕಿದ. ನೀಲಿ ಪೆನ್ನಿನಿಂದ ಕೊನೆಯ ಹಾಳೆಯ ಮೂಲೆಯಲ್ಲಿ ಸಹಿ ಮಾಡಿ, ತಾರೀಖು ಹಾಕಿ, ಮಿಷನ್ನಿಗೆ ಕಳಿಸಿದ. ಮಾಡಿದ್ದು ಅಷ್ಟೇ. ಏನೂ ಮಾಡದಿರುವುದಕ್ಕೆ ಇಷ್ಟೊಂದು ಕೈಯಾಡಿಸಬೇಕಾಗುತ್ತದೆ ಎಂದು ಅವನಿಗೆ ಅವತ್ತು ಗೊತ್ತಾಯಿತು.

ಇಷ್ಟಕ್ಕೇ ನಿಂತಿದ್ದರೆ ಮೂರನೆಯ ಸಾಲಿನ ಇಂಗ್ಲಿಷ್ ವಿವರಣೆಯಾದರೂ ಸಾಕ್ಷಿಯಾಗಿ ಉಳಿಯುತ್ತಿತ್ತು. ಎರಡನೆಯ ಮುದ್ರಣದ ಹೊತ್ತಿಗೆ ಯಾವುದೋ ಶಾಲೆಯ ಹೆಡ್‌ಮಿಸ್ ಬರೆದರು: ಉರ್ದುವಿನಲ್ಲಿ ಒಂದು ಅರ್ಥ, ಇಂಗ್ಲಿಷಿನಲ್ಲಿ ಇನ್ನೊಂದು, ಮಕ್ಕಳು ಯಾವುದನ್ನು ಬಾಯಿಪಾಠ ಮಾಡಬೇಕು? ಯಜಮಾನರು ಕಾಗದವನ್ನು ಅವನ ಮೇಜಿನ ಮೇಲೆ ಹಾಕಿ, “ಇಂಗ್ಲಿಷ್ ಸಾಲನ್ನ ಸರಿ ಮಾಡಿಬಿಡಪ್ಪ” ಎಂದರು. ತಪ್ಪಿರುವುದು ಉರ್ದು ಸಾಲಿನಲ್ಲಿ ಎಂದು ಅವನು ಹೇಳಲು ಹೊರಟ, ಅಭ್ಯಾಸದಂತೆ ನಡುವೆ ನಿಂತ. ಆ ನಿಲುಗಡೆಯಲ್ಲಿ ಯಜಮಾನರು ನುಗ್ಗಿದರು: “ಉರ್ದು ಮುಟ್ಟಬೇಡ. ಕಾತಿಬರು ಹೋಗಿಬಿಟ್ರು. ಅವರ ಅಕ್ಷರ ಇನ್ಯಾರಿಗೆ ಬರುತ್ತೆ? ಬದುಕಿರೋರ ಸಾಲು ತಿದ್ದು.” ಅವನು ಮೂರು ದಿನ ಕೂತು ತಿದ್ದಿದ. ಹೆಲ್ಪ್: ಮೊಟ್ಟೆ ಇಡುವ ಸಾಕುಹಕ್ಕಿ. ಹಸ್ಬೆಂಡ್: ಹುಲ್ಲು ಅಥವಾ ಮಣ್ಣಿನಿಂದ ಕಟ್ಟಿದ ಚಿಕ್ಕ ಮನೆ. ಎಲ್ಲವನ್ನೂ ತಪ್ಪಿಲ್ಲದ ಇಂಗ್ಲಿಷಿನಲ್ಲಿ, ಚಿಹ್ನೆಗಳನ್ನು ಒಪ್ಪವಾಗಿಟ್ಟು ಬರೆದ. ಮೊದಲನೆಯದು ಮುನಿಸಿಗೆ ಮಾಡಿದ್ದು, ಇದು ಹೊಟ್ಟೆಪಾಡಿಗೆ. ಈಗ ಹನ್ನೊಂದನೆಯ ಮುದ್ರಣ ನಡೆದಿದೆ. ಪುಸ್ತಕ ಒಳಗೊಳಗೇ ಪೂರ್ತಿ ಸರಿಯಾಗಿದೆ. ಮೇಷ್ಟ್ರು ಮಾತ್ರ ಅಚ್ಚಾದ ಮೇಲೆ ಅದನ್ನು ತೆರೆದಿರಲಿಲ್ಲ. “ಹೆತ್ತವಳು ಮಗೂನ ಬೆರಳು ಮತ್ತೆ ಎಣಿಸ್ತಾಳೇನಯ್ಯಾ?” ಎನ್ನುತ್ತಿದ್ದರಂತೆ. ಮನೆಯಲ್ಲಿದ್ದ ಬೇರೆ ಪದಕೋಶಗಳನ್ನೆಲ್ಲ, ಇನ್ನು ಇವು ಯಾಕೆ ಎಂದು, ಹಳೆ ಪೇಪರಿನವನಿಗೆ ಹಾಕಿಬಿಟ್ಟಿದ್ದರು.

ಬಾಗಿಲು ತೆರೆದವಳು ಮಗಳು, ಕಣ್ಣ ಕೆಳಗೆ ಕಪ್ಪು, ಕೈಯಲ್ಲಿ ಗಂಜಿಯ ಬಟ್ಟಲು. “ಬಂದ್ರಲ್ಲ ಅಣ್ಣಾ, ಪುಣ್ಯ ಬರಲಿ” ಎಂದು ಪಿಸುಗುಟ್ಟಿದಳು. “ಡಾಕ್ಟರಮ್ಮನೂ ಬಂದಿದಾರೆ. ಇವತ್ತು ಪರೀಕ್ಷೆ. ಎ ಇಂದ ಜಿ ತನಕ ಅಪ್ಪ ಒಂದೂ ತಪ್ಪಲ್ಲ. ಗೆಸ್ ಬಂತೋ, ಶುರುವಾಗುತ್ತೆ. ಎಚ್ ಮುಗೀವರೆಗೂ ಎಲ್ಲ ತಪ್ಪು. ಐ ಬಂದ್ರೆ ಮತ್ತೆ ಸರಿಹೋಗ್ತಾರೆ. ಇಂಥ ಕೇಸು ಡಾಕ್ಟರಮ್ಮ ಎಲ್ಲೂ ನೋಡಿಲ್ವಂತೆ. ಈ ಸಲವೂ ಹೀಗೇ ಆದ್ರೆ ವಾರ್ಡಿಗೆ ಸೇರಿಸ್ಬೇಕು ಅಂತಾರೆ.” ಅವನು ಚಪ್ಪಲಿ ಬಿಡುತ್ತ, ಒಂದು ಚಪ್ಪಲಿಯ ಪಟ್ಟಿ ಬಿಚ್ಚಲು ಬಹಳ ಹೊತ್ತು ತೆಗೆದುಕೊಂಡ.

ಮೇಷ್ಟ್ರು ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ಆ ದೊಡ್ಡ ಮೈ ಯಾರದೋ ಬಟ್ಟೆಯೊಳಗೆ ತುರುಕಿದಂತೆ ಕುಗ್ಗಿತ್ತು, ಬಾಯಿಯ ಬಲಮೂಲೆ ಇಳಿದಿತ್ತು, ಬಲಗೈ ತೊಡೆಯ ಮೇಲೆ ಬೇರೆಯವರ ಸಾಮಾನಿನಂತೆ ಬಿದ್ದಿತ್ತು. ಎದುರಿಗೆ ಮಾತು ಕಲಿಸುವ ಡಾಕ್ಟರಮ್ಮ, ಮೂವತ್ತರ ಒಳಗಿನ ಹುಡುಗಿ, ತೊಡೆಯ ಮೇಲೆ ಪದಕೋಶ ತೆರೆದಿಟ್ಟುಕೊಂಡಿದ್ದಳು. ರೋಗಿಗೆ ಗುರುತಿರುವುದನ್ನೇ ಹಿಡಿದು ಕಲಿಸಬೇಕಂತೆ. ಅವನನ್ನು ನೋಡಿ ನಕ್ಕು ಕುರ್ಚಿ ತೋರಿಸಿದಳು.

“ತಾತ, ಹೆಲ್ಪ್?”

“ಮದದ್. ಸ... ಸಹಾಯ.”

ಡಾಕ್ಟರಮ್ಮ ತಪ್ಪೆಂದು ಪರೀಕ್ಷೆಯ ಹಾಳೆಯಲ್ಲಿ ಮೆಲ್ಲನೆ ಅಡ್ಡಗೆರೆ ಎಳೆದಳು. “ಯೋಚನೆ ಮಾಡಿ ತಾತ. ಮುರ್ಗಿ ಅಲ್ವಾ? ಕೋಳಿ. ಹಸ್ಬೆಂಡ್?”

“ಗಂಡ! ಗಂಡ! ಗಂಡ!” ಮೇಷ್ಟ್ರ ಎಡಗೈ ಕುರ್ಚಿಯ ತೋಳನ್ನು ಕುಟ್ಟಿತು.

“ಅಪ್ಪಾ, ಸಿಟ್ಟು ಮಾಡ್ಕೋಬೇಡಿ” ಎಂದಳು ಮಗಳು. ಆಮೇಲೆ ಅವನ ಕಡೆ ತಿರುಗಿ, ತಪ್ಪು ಮಾಡಿದವಳಂತೆ, “ನಾನೂ ಶಾಲೆಯಲ್ಲಿ ಗಂಡ ಅಂತಲೇ ಕಲಿತಿದ್ದೆ ಅಣ್ಣಾ. ಆದ್ರೆ ಹತ್ತೊಂಬತ್ತು ವರ್ಷ ಕೂತು ಬರೆದೋರಿಗಿಂತ ನನಗೆ ಗೊತ್ತಾ? ಅದು ಅಪ್ಪ ಚೆನ್ನಾಗಿದ್ದಾಗ ಬರೆದದ್ದು. ಈಗ ಹೇಳ್ತಿರೋದು ಕಾಯಿಲೆ” ಎಂದಳು. ಆ ಮಾತಿಗೆ ನಾಲ್ಕು ಕಡೆಯೂ ಗಟ್ಟಿ ಗೋಡೆ, ಬಾಗಿಲೇ ಇಟ್ಟಿರಲಿಲ್ಲ. ಮೇಷ್ಟ್ರ ಕಣ್ಣು ಅವನ ಮೇಲೆ ಬಿತ್ತು. ಗುರುತು ಹಿಡಿದದ್ದು ಗೊತ್ತಾಯಿತು. ಆ ಕಣ್ಣಿನಲ್ಲಿ ಅವನು ನಿರೀಕ್ಷಿಸಿದ್ದ ಗತ್ತು ಇರಲಿಲ್ಲ. ಅಂಗಡಿ ಬೀದಿಯಲ್ಲಿ ಕೈ ತಪ್ಪಿಹೋದ ಮಗು ಪರಿಚಯದ ಮುಖ ಕಂಡಾಗ ನೋಡುವ ನೋಟ ಅದು. ಪರೀಕ್ಷೆ ಮುಗಿದು, ಅರವತ್ತಕ್ಕೆ ಸೊನ್ನೆ ಎಂದು ಬರೆದು, ಇಬ್ಬರು ಹೆಂಗಸರೂ ವಾರ್ಡಿನ ವಿಷಯ ಮಾತಾಡಲು ಅಡುಗೆಮನೆಗೆ ಹೋದರು. ಹೋಗುವಾಗ ಮಗಳು ಕಣ್ಸನ್ನೆ ಮಾಡಿದಳು: ಹೇಳಿಬಿಡಿ.

ಅವನು ಕುರ್ಚಿ ಎಳೆದುಕೊಂಡು ಹತ್ತಿರ ಕೂತ. ಔಷಧಿಯ, ಪೌಡರಿನ ವಾಸನೆ. ಮೇಷ್ಟ್ರು ಒಂದೊಂದೇ ಮಾತನ್ನು ಬಾವಿಯಿಂದ ಸೇದುವಂತೆ ಎತ್ತಿ ಹೇಳಿದರು: “ನೋಡಯ್ಯಾ... ನನ್ನ ತಲೆ... ಕೆಟ್ಟಿದೆಯಾ? ಬರೆದದ್ದು... ನಾನೇ. ಹಾಗೆ ಬರೆದಿದ್ದೆ ಅಂತ... ನೆನಪಿಲ್ಲ. ಹಾಗೆ ಬರೆದಿದ್ರೆ... ಆಗಲೇ ಕೆಟ್ಟಿತ್ತಾ? ಮಕ್ಕಳಿಗೆ... ಪಾಠ ಹೇಳ್ತಿದ್ದಾಗಲೂ?” ಅವರ ಇಳಿದ ತುಟಿಯಿಂದ ಜೊಲ್ಲು ಒಂದು ಎಳೆಯಾಗಿ ಇಳಿಯಿತು. ಅವನು ಕರ್ಚೀಫು ತೆಗೆದು ಒರೆಸಿದ. ಒರೆಸುತ್ತಲೇ, ಮುಖ ನೋಡಬೇಕಾಗಿಲ್ಲದ ಆ ಅನುಕೂಲದಲ್ಲಿ, ಹೇಳಿಬಿಟ್ಟ. “ನಿಮ್ಮ ತಲೆ ಸರಿಯಾಗಿದೆ ಮೇಷ್ಟ್ರೇ. ಕಾತಿಬರು ಗೆಸ್ ಹತ್ರ ಒಂದು ಅರ್ಥ ಬಿಟ್ಟಿದ್ರು. ನಾನು ನೋಡ್ದೆ. ನೋಡಿ, ಸುಮ್ಮನೆ ಸಹಿ ಮಾಡ್ದೆ. ಆಮೇಲೆ ಇಂಗ್ಲಿಷನ್ನೂ ನಾನೇ ಕೆಡಿಸ್ದೆ. ನೀವು ಅವತ್ತು ಎಲ್ಲರ ಮುಂದೆ ನನ್ನನ್ನ... ಆ ಸಿಟ್ಟಿಗೆ.”

ಮೇಷ್ಟ್ರು ಅವನ ಕೈಯ ಕರ್ಚೀಫನ್ನು ಪಕ್ಕಕ್ಕೆ ಸರಿಸಿದರು. “ಅವತ್ತು... ಏನು ಮಾಡಿದ್ದೆ ನಾನು?” ಎಂದು ಕೇಳಿದರು. ಅವರಿಗೆ ನೆನಪಿರಲಿಲ್ಲ. ಕಾಯಿಲೆಯಿಂದ ಅಲ್ಲ, ಮೊದಲಿಂದಲೇ ಇರಲಿಲ್ಲ. ದಿನಕ್ಕೆ ನಾಲ್ಕು ಜನರನ್ನು ಹಾಗೆ ತಿದ್ದುತ್ತಿದ್ದವರಿಗೆ ಯಾರನ್ನೆಂದು ನೆನಪಿರಬೇಕು? ನಾಲ್ಕು ವರ್ಷ ಅವನು ಹೊತ್ತು ತಿರುಗಿದ ಗಾಯಕ್ಕೆ ಆಯುಧವೇ ಇರಲಿಲ್ಲವೆಂದು ತಿಳಿದು ಅವನಿಗೆ ನಾಚಿಕೆಯಾಯಿತು. ಅಷ್ಟರಲ್ಲಿ ಮೇಷ್ಟ್ರ ಎಡಗೈ ಬಂದು ಅವನ ಮುಂಗೈಯನ್ನು ಕಚ್ಚಿ ಹಿಡಿಯಿತು. ಮುದುಕರ ಮುಖದ ಅರ್ಧಭಾಗ ಅರಳುತ್ತಿತ್ತು, ಇನ್ನರ್ಧ ಹಾಗೆಯೇ ಇತ್ತು. “ತಪ್ಪು ನಿಂದು!” ಎಂದು ಕೂಗಿದರು. “ನಿಂದು! ನಂದಲ್ಲ! ನಿಂದು ಕಣಯ್ಯಾ!” ಕಣ್ಣಲ್ಲಿ ನೀರು ಬಂತು. ಇಷ್ಟು ಸಂತೋಷದಿಂದ ಯಾರೂ ಯಾರನ್ನೂ ಬೈದದ್ದನ್ನು ಅವನು ಕಂಡಿರಲಿಲ್ಲ. ಅವನೂ ತಲೆಯಾಡಿಸುತ್ತ, “ಹೌದು ಮೇಷ್ಟ್ರೇ, ನಂದೇ” ಎನ್ನುತ್ತಿದ್ದ.

ಕೂಗು ಕೇಳಿ ಹೆಂಗಸರು ಓಡಿಬಂದರು. ಅವನು ಎದ್ದು ನಿಂತು, ಈ ಸಲ ನಡುವೆ ಎಲ್ಲೂ ನಿಲ್ಲದೆ, ಎಲ್ಲವನ್ನೂ ಮೊದಲಿಂದ ಹೇಳಿದ. ಮಗಳು ಕೇಳುತ್ತ ಕೇಳುತ್ತ ಅತ್ತಳು. ಮುಗಿದ ಮೇಲೆ ಸೆರಗಿನಿಂದ ಕಣ್ಣೊರೆಸಿ, “ಎಷ್ಟು ಒಳ್ಳೇ ಮನಸ್ಸು ಅಣ್ಣಾ ನಿಮ್ಮದು. ಅಪ್ಪನ ಸಮಾಧಾನಕ್ಕೆ ತಪ್ಪನ್ನ ನಿಮ್ಮ ತಲೆ ಮೇಲೆ ಎಳ್ಕೊಳ್ತೀರಲ್ಲ” ಎಂದಳು.

“ಸಮಾಧಾನಕ್ಕಲ್ಲಮ್ಮ, ನಿಜ.”

“ಅವರ ಜೊತೆ ಸೇರಿ ಹೀಗೆ ಹೂಂ ಅಂದ್ರೆ ಕಾಯಿಲೆ ಜಾಸ್ತಿ ಆಗುತ್ತೆ ಸಾರ್” ಎಂದಳು ಡಾಕ್ಟರಮ್ಮ ಗಂಭೀರವಾಗಿ. “ನೀವು ಹೇಳೋ ಥರ ಆಗಿದ್ರೆ ಇಷ್ಟು ವರ್ಷದಲ್ಲಿ ಯಾರಿಗೂ ಗೊತ್ತಾಗ್ತಿರ್ಲಿಲ್ವಾ? ನಾನೇ ಕಾಲೇಜಲ್ಲಿ ಕೊನೇ ವರ್ಷ ಇದನ್ನ ಓದಿ ಪಾಸಾದವಳು.”

“ಹಾಗಾದ್ರೆ ನನ್ನನ್ನೂ ಕೇಳಿ ನೋಡಿ. ನನಗೆ ಸ್ಟ್ರೋಕ್ ಆಗಿಲ್ಲವಲ್ಲ. ಕೇಳಿ!”

ಅವನ ದನಿ ಏರಿತ್ತು. ಡಾಕ್ಟರಮ್ಮ ಅವನನ್ನು ಹೊಸದಾಗಿ ನೋಡಿದಳು, ಮೆಲ್ಲಗೆ ಕುರ್ಚಿಯಲ್ಲಿ ಕೂರಿಸಿದಳು, ಪುಸ್ತಕ ತೆರೆದಳು. ಹೋಮ್? ಮನೆ. ಅಡ್ಡಗೆರೆ. ಹಾನೆಸ್ಟ್? ಪ್ರಾಮಾಣಿಕ. ಅಡ್ಡಗೆರೆ. ಹಾರ್ಸ್? ಕುದುರೆ, ಕುದುರೆಯಮ್ಮಾ, ಕುದುರೆ! ಅಡ್ಡಗೆರೆ. ಅರವತ್ತೂ ಮುಗಿದಾಗ ಅವನ ಅಂಗಿ ಬೆನ್ನಿಗೆ ಅಂಟಿತ್ತು, ಅವಳ ಮುಖದಲ್ಲಿ ಕನಿಕರ ತುಂಬಿತ್ತು. ಚೀಲದಿಂದ ಹೊಸ ಫಾರಮ್ಮು ತೆಗೆದಳು.

“ಎಷ್ಟು ದಿನದಿಂದ ಹೀಗೆ?”

“ನಾಲ್ಕು ವರ್ಷದಿಂದ.”

“ಬಿದ್ದಿದ್ರಾ? ತಲೆಗೆ ಪೆಟ್ಟು?”

“ತಲೆಗಲ್ಲ.”

ಅವಳು ‘ಪೆಟ್ಟು: ಇದೆ’ ಎಂದು ಬರೆದುಕೊಂಡಳು. “ಹೆದರಬೇಡಿ. ಬೇಗ ಬಂದಿದೀರ. ತಾತನಿಗೂ ಇನ್ನೊಂದು ಅವಕಾಶ ಕೊಡೋಣ. ಗುರುವಾರ ಇಬ್ಬರಿಗೂ ಒಟ್ಟಿಗೆ.” ಮೇಷ್ಟ್ರು ಕಿಟಕಿಯ ಪಕ್ಕ ಕಣ್ಣು ಮುಚ್ಚಿ ಕೂತಿದ್ದರು. ನಿದ್ದೆಯಲ್ಲ, ಏನೋ ಲೆಕ್ಕ ಹಾಕುವಂತೆ ತುಟಿ ಅಲುಗುತ್ತಿತ್ತು.

ಮನೆಯಲ್ಲಿ ಹೆಂಡತಿ ಫಾರಮ್ಮು ಓದಿ, ಅದನ್ನು ಹಿಟ್ಟಿನ ಡಬ್ಬಿಯ ಕೆಳಗೆ ಭದ್ರವಾಗಿಟ್ಟು, “ನಾನು ಹೇಳ್ತಾನೇ ಇದ್ದೆ ಕಣ್ರೀ. ಊಟ ಮಾಡುವಾಗ ಸುಮ್ಮಸುಮ್ಮನೆ ನಗ್ತೀರಿ, ಹೆಲ್ಪ್ ಮಾಡ್ಲಾ ಅಂದ್ರೆ ಕೋಳಿ ಅಂತೀರಿ. ಇವಾಗಾದ್ರೂ ಒಬ್ಬರು ಕಂಡುಹಿಡಿದ್ರಲ್ಲ” ಎಂದಳು. ಅವಳ ದನಿಯಲ್ಲಿ ಅವನು ಬಹಳ ದಿನದಿಂದ ಕೇಳದಿದ್ದ ಮೃದುತ್ವವಿತ್ತು. ಕಾಯಿಲೆ ಎಂದು ಹೆಸರಾದ ಮೇಲೆ ಅವನ ಮೌನಗಳೆಲ್ಲ ಅವಳಿಗೆ ಮಾಫಾಗಿಬಿಟ್ಟಿದ್ದವು. ಯಜಮಾನರಿಗೂ ಅವನು ಎಲ್ಲವನ್ನೂ ಹೇಳಿದ. ಅವರು ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. “ಇಪ್ಪತ್ತಾರು ವರ್ಷ ಅಕ್ಷರ ನೋಡಿ ನೋಡಿ ಹೀಗಾಗಿದೆ. ನನಗೆ ಮೊದಲೇ ಹೊಳೀಬೇಕಿತ್ತು. ವಾಸಿ ಆಗೋವರೆಗೆ ಓದೋ ಕೆಲಸ ಬೇಡಪ್ಪ. ಗೋಡೌನು ನೋಡ್ಕೋ.” ಅವನ ಮೇಜಿಗೆ ಒಬ್ಬಳು ಹೊಸ ಹುಡುಗಿ ಬಂದಳು. ಮೂರು ದಿನ ಅವನು ಗೋಡೌನಿನಲ್ಲಿ ಹನ್ನೊಂದನೆಯ ಮುದ್ರಣದ ಕಟ್ಟುಗಳ ನಡುವೆ ಸ್ಟೂಲಿನ ಮೇಲೆ ಕೂತಿದ್ದ. ಅಂಟಿನ ವಾಸನೆ, ಇಲಿಗಳ ಸದ್ದು. ಯಾರಾದರೂ ಬಂದು ಒಂದು ಬೈಗುಳವನ್ನಾದರೂ ಕೊಟ್ಟು ಹೋಗಲಿ ಎಂದು ಕಾಯುತ್ತಿದ್ದ. ಬಂದವರೆಲ್ಲ ಕುಶಲ ವಿಚಾರಿಸಿ ಹೋಗುತ್ತಿದ್ದರು.

ಗುರುವಾರ ಮೇಷ್ಟ್ರಿಗೆ ಕ್ಷೌರವಾಗಿತ್ತು, ಇಸ್ತ್ರಿಯ ಅಂಗಿ ಹಾಕಿದ್ದರು. ಅವನು ಪಕ್ಕದಲ್ಲಿ ಕೂತಾಗ ತಿರುಗಿಯೂ ನೋಡಲಿಲ್ಲ. ಡಾಕ್ಟರಮ್ಮ ಅವರಿಂದ ಶುರು ಮಾಡಿದಳು.

“ಹೆಲ್ಪ್, ತಾತ?”

“ಕೋಳಿ” ಎಂದರು ಮೇಷ್ಟ್ರು, ಒಂದು ಚೂರೂ ತೊದಲದೆ.

ಮಗಳು ಲೋಟ ಕೆಳಗಿಟ್ಟು ಹತ್ತಿರ ಬಂದಳು. ಹಸ್ಬೆಂಡ್? ಗುಡಿಸಲು. ಹಾನೆಸ್ಟ್? ಜೇನುತುಪ್ಪ. ಹಾರ್ಸ್? ಆಸ್ಪತ್ರೆ. ಮೇಷ್ಟ್ರು ತಲೆಯೆತ್ತಿ, ಎದೆ ಮುಂದೆ ಮಾಡಿ, ಒಂದೊಂದನ್ನೂ ಪಟಪಟನೆ ಒಡೆದು ಹಾಕಿದರು. ಅರವತ್ತಕ್ಕೆ ಅರವತ್ತು. ಮಗಳು ಅವರ ಕಾಲ ಬಳಿ ಕುಸಿದು ಕೂತು ಬಿಕ್ಕಿದಳು, ಡಾಕ್ಟರಮ್ಮ ಚಪ್ಪಾಳೆ ತಟ್ಟಿ, ಇನ್ನು ವಾರ್ಡು ಬೇಡ, ನಾನೂ ಬರೋದು ಬೇಡ ಎಂದಳು. ಆ ಗದ್ದಲದಲ್ಲಿ ಮೇಷ್ಟ್ರು ಅವನ ಕಿವಿಯ ಹತ್ತಿರ ಬಾಗಿದರು. “ಸರಿ ಯಾವುದು ಅಂತ... ಖಚಿತ ಆದ್ಮೇಲೆ... ತಪ್ಪು ಹೇಳೋದು ಏನು ಮಹಾ! ನೀನೂ ಹೇಳಿಬಿಡು. ಮನೆಗೆ ಹೋಗು.” ಅದರಲ್ಲಿ ಕೇಡಿರಲಿಲ್ಲ. ನಿಜವಾಗಿ ಅವನ ಒಳ್ಳೆಯದಕ್ಕೇ ಹೇಳಿದ್ದರು.

ಅವನ ಸರದಿ ಬಂತು. ಎಷ್ಟು ಸುಲಭ, ಅವನೇ ಬರೆದ ಸಾಲುಗಳು, ನಿದ್ದೆಯಲ್ಲೂ ಒಪ್ಪಿಸಬಲ್ಲ. ಒಪ್ಪಿಸಿದರೆ ಕೆಂಪು ಪೆನ್ನು ವಾಪಸ್, ಮೇಜು ವಾಪಸ್, ಆ ಹುಡುಗಿ ಬೇರೆ ಕೋಣೆಗೆ. ಹೋಮ್, ಎಂದಳು ಡಾಕ್ಟರಮ್ಮ. ಅವನು ಬಾಯಿ ತೆರೆದ. ಮನೆ, ಎಂದಿತು ಬಾಯಿ. ಅಡ್ಡಗೆರೆ. ಹೋಪ್? ಭರವಸೆ. ಅಡ್ಡಗೆರೆ. ಬೇಕೆಂದೇ ತಪ್ಪನ್ನು ನಾಲಗೆಯ ತುದಿಗೆ ತಂದಿಟ್ಟುಕೊಂಡರೂ ಗಂಟಲು ಅದನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿತ್ತು. ನಾಲ್ಕು ವರ್ಷದ ಹಿಂದೆ ಒಮ್ಮೆ ಆಡಬೇಕಾಗಿದ್ದ ಮಾತುಗಳೆಲ್ಲ ಈಗ ಸಾಲುಗಟ್ಟಿ ನಿಂತು ಒಂದೊಂದಾಗಿ ಹೊರಬೀಳುತ್ತಿದ್ದವು, ತಡೆಯಲು ಅವನಿಗೆ ಅಧಿಕಾರವಿರಲಿಲ್ಲ. ಅರ್ಧ ಮುಗಿಯುವಷ್ಟರಲ್ಲಿ ಡಾಕ್ಟರಮ್ಮನಿಗೆ ಆಕಳಿಕೆ ಬಂತು. ಮೇಷ್ಟ್ರು ಎಡಗೈ ಚಾಚಿ, “ಕೊಡಮ್ಮ ಇಲ್ಲಿ, ನಾನು ಕೇಳ್ತೀನಿ. ಇವನಿಗೆ ದಿನಾ... ಅಭ್ಯಾಸ ಬೇಕು” ಎಂದು ಪುಸ್ತಕವನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡರು. ಅಚ್ಚಾದ ಮೇಲೆ ಅದು ಅವರ ಕೈಗೆ ಬಂದದ್ದು ಇದೇ ಮೊದಲು. ಪುಟ ತಿರುವಿದರು, ಬೆರಳಿಟ್ಟರು, ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು. ನೋಟ ಸ್ವಲ್ಪ ಹೆಚ್ಚು ಹೊತ್ತೇ ನಿಂತಿತು.

“ಹ್ಯಾಪಿ?” ಎಂದು ಕೇಳಿದರು.

ಪದವನ್ನು ಕೇಳಿದರೋ ತನ್ನನ್ನೇ ಕೇಳಿದರೋ ಅವನಿಗೆ ಗೊತ್ತಾಗಲಿಲ್ಲ. ಕಿಟಕಿಯ ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಎದೆಯ ಮೇಲೆ ಏನಾದರೂ ಭಾರವಿದೆಯೇ ಎಂದು ಅವನು ಹುಡುಕಿ ನೋಡಿದ. ಹುಡುಕುವುದಕ್ಕೆ ಬೇಕಾದಷ್ಟು ಹೊತ್ತು ತೆಗೆದುಕೊಂಡ.

“ಹೌದು ಮೇಷ್ಟ್ರೇ” ಎಂದ.

ಡಾಕ್ಟರಮ್ಮ ಅಡ್ಡಗೆರೆ ಎಳೆದಳು.